ಬಚ್ಚಲುಮನೆಯ ಮಳೆ



ಚನ್ನಪಟ್ಟಣದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಹೋದ ವರ್ಷ ಬಚ್ಚಲುಮನೆಯನ್ನು ಹೊಸದಾಗಿ ಕಟ್ಟಿಸಿದರು. ತಾಯಿಯ ಮಂಡಿನೋವನ್ನು ಬಲ್ಲ ಮಗನು, ಬಗ್ಗಿ ಹಂಡೆಯಿಂದ ನೀರು ತೋಡಿಕೊಳ್ಳುವ ಕಷ್ಟ ಇನ್ನು ಆಕೆಗೆ ಬೇಡವೆಂದು, ನೆಲಕ್ಕೆ ಜಾರದ ಕಲ್ಲನ್ನು ಹಾಸಿಸಿ, ಗೋಡೆಗೆ ಕೈಯಾಸರೆಯ ಹಿಡಿಯೊಂದನ್ನು ಕೂಡಿಸಿ, ತಲೆಯ ಮೇಲೆ ಊಟದ ತಟ್ಟೆಯಷ್ಟು ಅಗಲವಾದ ಶವರೊಂದನ್ನು ಹಾಕಿಸಿದನು. ಅದರ ನಲ್ಲಿಯನ್ನು ಮೊದಲ ಬಾರಿ ತಿರುಗಿಸಿದ ದಿನ ನಾನೂ ಅಲ್ಲಿದ್ದೆ. ಆ ತಟ್ಟೆಯ ನೂರಾರು ರಂಧ್ರಗಳಲ್ಲಿ ಒಂದು ಬದಿಯ ಹತ್ತಿಪ್ಪತ್ತರಿಂದ ಮಾತ್ರ ನೀರು ನೂಲಿನಂತೆ ಇಳಿದು, ಮಿಕ್ಕದ್ದು ಅಂಚಿನಲ್ಲಿ ಒಟ್ಟುಗೂಡಿ ತೊಟ್ಟಿಕ್ಕುತ್ತಿತ್ತು. ಅಕ್ಕ ಅದರ ಕೆಳಗೆ ಅಂಗೈ ಚಾಚಿ ನೋಡಿ, “ಮಳೇನೂ ಅಲ್ಲ, ಸೋನೇನೂ ಅಲ್ಲ, ಇದೇನಪ್ಪ ಇದು? ಮೂವತ್ತು ವರ್ಷ ವಿಜ್ಞಾನದ ಪಾಠ ಹೇಳ್ದೋನು ನೀನು, ನೋಡು ಒಂದಿಷ್ಟು” ಎಂದಳು.

ಅಂದಿನಿಂದ ನಾನು ಈ ವಿಷಯವನ್ನು ಗಮನವಿಟ್ಟು ನೋಡುತ್ತ ಬಂದಿದ್ದೇನೆ. ರಾಮನಗರದ ನಮ್ಮ ಬೀದಿಯಲ್ಲಿ, ಕನಕಪುರದ ಬಂಧುಗಳ ಮನೆಯಲ್ಲಿ, ಮಾಗಡಿಯ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ, ಎಲ್ಲಿ ಹೋದರೂ ಇದೇ ದೂರು. ಒಂದು ಶವರಿನ ದುರ್ಬಲಧಾರೆಯು ಬಾನುಲಿಯಲ್ಲಿ ಮಾತನಾಡತಕ್ಕಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಬಗ್ಗಲಾರದ ವೃದ್ಧರಿಗೆ, ಬಾಣಂತಿಯರಿಗೆ, ಕೈ ಮುರಿದು ಕಟ್ಟು ಹಾಕಿಸಿಕೊಂಡವರಿಗೆ, ಪರರ ನೆರವಿಲ್ಲದೆ ತಾವಾಗಿಯೇ ಮೈ ತೊಳೆದುಕೊಳ್ಳುವುದು ಎಷ್ಟು ದೊಡ್ಡ ಸಮಾಧಾನವೆಂಬುದನ್ನು ಕಂಡವರು ಹಾಗೆ ಎಣಿಸಲಾರರು.

ಚೊಂಬಿನಿಂದ ಸ್ನಾನ ಮಾಡುತ್ತಿದ್ದ ಕಾಲದಲ್ಲಿ ನಮಗೆ ಒತ್ತಡದ ಚಿಂತೆಯೇ ಇರಲಿಲ್ಲ. ಹಂಡೆಯ ನೀರನ್ನು ತಲೆಯ ಮಟ್ಟಕ್ಕೆ ಎತ್ತುತ್ತಿದ್ದುದು ನಮ್ಮ ತೋಳು. ಎತ್ತಿದ ನೀರು ಬೀಳುವಾಗ ಆ ತೋಳಿನ ಶ್ರಮವನ್ನೇ ಮೈಗೆ ಹಿಂತಿರುಗಿಸುತ್ತಿತ್ತು. ಶವರು ಬಂದ ಮೇಲೆ ಆ ಎತ್ತುವ ಕೆಲಸವನ್ನು ತೋಳಿನಿಂದ ತೆಗೆದು ಮನೆಯ ಮಾಳಿಗೆಗೆ ವಹಿಸಿದೆವು. ಮಾಳಿಗೆಯ ಮೇಲಿನ ತೊಟ್ಟಿಯು ಆ ಕೆಲಸಕ್ಕೆ ತಕ್ಕಷ್ಟು ಎತ್ತರದಲ್ಲಿದೆಯೇ ಎಂಬುದನ್ನು ಮಾತ್ರ ನಾವು ವಿಚಾರಿಸಲಿಲ್ಲ.

ನೀರಿನ ಒತ್ತಡವು ಎತ್ತರದಿಂದ ಬರುವುದೆಂಬ ತತ್ತ್ವವನ್ನು ತಿಳಿಯಲು ಪರದೇಶದ ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ನಮ್ಮ ಸೀಮೆಯ ಕೆರೆಯ ಏರಿಯ ಮೇಲೆ ನಿಂತರೆ ಸಾಕು. ಕೆರೆ ತುಂಬಿ ಕೋಡಿ ಹರಿಯುತ್ತಿರುವಾಗ ನೀರಗಂಟಿಯು ತೂಬನ್ನು ನಾಲ್ಕು ಬೆರಳು ಎತ್ತಿದರೂ ನೀರು ಭೋರ್ಗರೆದು ಕಾಲುವೆಗೆ ನುಗ್ಗುತ್ತದೆ. ಅದೇ ಕೆರೆಯು ಶಿವರಾತ್ರಿಯ ವೇಳೆಗೆ ತಗ್ಗಿದಾಗ ತೂಬನ್ನು ಪೂರ್ತಿಯಾಗಿ ತೆರೆದರೂ ನೀರು ಸೋಮಾರಿಯಂತೆ ಹೊರಬರುತ್ತದೆ. ತೂಬು ಅದೇ, ಕಾಲುವೆ ಅದೇ. ಬದಲಾದದ್ದು ತೂಬಿನ ಬಾಯಿಯಿಂದ ನೀರಿನ ಮೇಲ್ಮೈಗೆ ಇರುವ ಎತ್ತರವೊಂದೇ. 1946ರಲ್ಲಿ ಕಟ್ಟಿದ ನಮ್ಮ ಕಣ್ವ ಜಲಾಶಯದ ತೂಬಿಗೂ ಊರ ಮುಂದಿನ ಸಣ್ಣ ಕಟ್ಟೆಯ ತೂಬಿಗೂ ಈ ನಿಯಮವೊಂದೇ. ಕೆರೆಯ ಅಗಲವು ಎಷ್ಟು ಹೊತ್ತು ನೀರು ಬರುವುದೆಂಬುದನ್ನು ನಿಶ್ಚಯಿಸುತ್ತದೆ. ಎಷ್ಟು ಬಿರುಸಾಗಿ ಬರುವುದೆಂಬುದನ್ನು ನಿಶ್ಚಯಿಸುವುದು ಆಳ. ಇಟಲಿಯ ಟೊರಿಸೆಲ್ಲಿಯು 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಲೆಕ್ಕವನ್ನು ಕೊಟ್ಟನು: ರಂಧ್ರದಿಂದ ಹೊರಬರುವ ನೀರಿನ ವೇಗವು ಅದರ ಮೇಲಿರುವ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ನಮ್ಮ ನೀರಗಂಟಿಗಳು ಆ ಲೆಕ್ಕವನ್ನು ಬರೆದಿಡದಿದ್ದರೂ ತೂಬು ಎತ್ತುವ ಕೈಯಲ್ಲಿಯೇ ಅದನ್ನು ಬಲ್ಲವರಾಗಿದ್ದರು.

ಅಕ್ಕನ ಮನೆಗೆ ಬರೋಣ. ಶವರು ಸರಿಯಾಗಿ ಬಾರದಿದ್ದುದನ್ನು ಕಂಡ ನೆರೆಯವರೊಬ್ಬರು, “ಐನೂರು ಲೀಟರಿನ ತೊಟ್ಟಿ ಚಿಕ್ಕದಾಯ್ತು, ಸಾವಿರ ಲೀಟರಿಂದು ಹಾಕ್ಸಿ, ಪ್ರೆಷರು ತಾನಾಗೇ ಬತ್ತದೆ” ಎಂದು ಸದುದ್ದೇಶದಿಂದಲೇ ಹೇಳಿದರು. ಇದು ಬಹುಜನರ ನಂಬಿಕೆಯಾದುದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ನೀರಿನ ಮೇಲ್ಮೈ ಒಂದೇ ಎತ್ತರದಲ್ಲಿದ್ದರೆ ಚಿಕ್ಕ ತೊಟ್ಟಿಯೂ ದೊಡ್ಡ ತೊಟ್ಟಿಯೂ ಕೊಡುವ ಒತ್ತಡ ಒಂದೇ. ಸಾವಿರ ಲೀಟರಿನ ತೊಟ್ಟಿಯಿಂದ ಎರಡರಷ್ಟು ಹೊತ್ತು ಅದೇ ಸೋನೆಯು ಬೀಳುತ್ತದೆಯೇ ಹೊರತು ಸೋನೆಯು ಮಳೆಯಾಗದು.

ಹಾಗಾದರೆ ಆ ಮನೆಯಲ್ಲಿ ಒತ್ತಡವೆಷ್ಟಿತ್ತು? ಹತ್ತು ಮೀಟರು, ಅಂದರೆ ಹತ್ತಿರಹತ್ತಿರ ಮೂವತ್ತಮೂರು ಅಡಿ ಎತ್ತರದ ಜಲಸ್ತಂಭವು ತನ್ನ ಬುಡದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕಿಲೋಗ್ರಾಂ ಭಾರವನ್ನು ಹೇರುತ್ತದೆ. ಕೊಳಾಯಿಯ ಕೆಲಸದವರು ‘ಒಂದು ಕೇಜಿ ಪ್ರೆಷರು’ ಎನ್ನುವುದು ಇದನ್ನೇ. ಅಕ್ಕನದು ಒಂದೇ ಅಂತಸ್ತಿನ ಮನೆ. ಸೂರು ಹತ್ತಡಿ, ಶವರಿನ ತಟ್ಟೆ ನೆಲದಿಂದ ಏಳಡಿ, ತೊಟ್ಟಿಯನ್ನು ತಾರಸಿಯ ಮೇಲೆಯೇ ಕೂರಿಸಲಾಗಿತ್ತು. ಬೆಳಗಿನ ಹೊತ್ತಿಗೆ ತೊಟ್ಟಿಯಲ್ಲಿ ಅರ್ಧಡಿ ನೀರುಳಿದಾಗ, ಆ ನೀರಿನ ಮೇಲ್ಮೈಯಿಂದ ಶವರಿನ ರಂಧ್ರಗಳಿಗೆ ಇದ್ದ ಅಂತರ, ತಾರಸಿಯ ದಪ್ಪವೂ ಸೇರಿ, ನಾಲ್ಕೇ ಅಡಿ. ಒಂದು ಕೇಜಿಯ ಎಂಟನೆಯ ಒಂದು ಭಾಗ! ಅಂಗಡಿಯಲ್ಲಿ ಮನಮೋಹಕವಾಗಿ ಕಾಣುವ ಅಗಲವಾದ ತಟ್ಟೆಯ ಶವರುಗಳು ಪೂರ್ಣವಾಗಿ ಸುರಿಯಬೇಕಾದರೆ ಇದರ ಎಷ್ಟೋ ಪಟ್ಟು ಒತ್ತಡ ಬೇಕು.

ಇಲ್ಲಿ ಮಾಗಡಿಯ ಕೇಳುಗರಿಗೆ ಒಂದು ಮಾತು. ಮಾಗಡಿಯು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ, ಕನಕಪುರವು 650 ಮೀಟರಿನ ಆಸುಪಾಸಿನಲ್ಲಿದೆ. ಆದರೂ ಊರಿನ ಈ ಔನ್ನತ್ಯದಿಂದ ಮಾಗಡಿಯ ಬಚ್ಚಲಿಗೆ ಲಾಭವೂ ಇಲ್ಲ, ಕನಕಪುರದ ಬಚ್ಚಲಿಗೆ ನಷ್ಟವೂ ಇಲ್ಲ. ಮನೆಯೊಳಗೆ ಲೆಕ್ಕಕ್ಕೆ ಬರುವುದು ತೊಟ್ಟಿಯ ನೀರಿಗೂ ಶವರಿಗೂ ನಡುವಣ ಅಂತರ ಮಾತ್ರ. ಮೂರು ಅಂತಸ್ತಿನ ಮನೆಯಲ್ಲಿ ಕೆಳಗಿನ ಮನೆಯವರು ಸುಖವಾಗಿ ಸ್ನಾನ ಮಾಡುತ್ತಿರುವಾಗ, ತೊಟ್ಟಿಗೆ ಎಲ್ಲರಿಗಿಂತ ಹತ್ತಿರವಿರುವ ಮೇಲ್ಮನೆಯ ಬಾಡಿಗೆದಾರನು ಪರದಾಡುವುದಕ್ಕೆ ಇದೇ ಕಾರಣ. ಹತ್ತಿರವಿರುವುದೇ ಅವನ ಕಷ್ಟ. ಮನೆಯ ಯಜಮಾನರು ಇದನ್ನು ಅವನ ಗೊಣಗಾಟವೆಂದು ತಳ್ಳಿಹಾಕಬಾರದೆಂದು ಕೇಳಿಕೊಳ್ಳುತ್ತೇನೆ.

ನಾವು ಮಾಡಿದ ಮೊದಲನೆಯ ಕೆಲಸವೆಂದರೆ ತೊಟ್ಟಿಯನ್ನು ಐದಡಿ ಮೇಲಕ್ಕೆತ್ತಿದ್ದು. ನಾಲ್ಕಡಿಯಿದ್ದ ಅಂತರವು ಒಂಬತ್ತಡಿಯಾಯಿತು. ನಾಲ್ಕರ ವರ್ಗಮೂಲ ಎರಡು, ಒಂಬತ್ತರದು ಮೂರು. ಆದುದರಿಂದ ನೀರು ಒಂದೂವರೆಯಷ್ಟಾಗಬೇಕು. ಎತ್ತುವುದಕ್ಕೆ ಮುಂಚೆ ಹತ್ತು ಲೀಟರಿನ ಬಕೆಟ್ಟು ತುಂಬಲು ಮೂರು ನಿಮಿಷ ಹಿಡಿದಿತ್ತು. ಎತ್ತಿದ ಮೇಲೆ ಎರಡು ನಿಮಿಷಕ್ಕೆ ತುಂಬಿತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಸೂತ್ರವು ಅಕ್ಕನ ಬಕೆಟ್ಟಿನಲ್ಲಿ ಹೀಗೆ ಗಡಿಯಾರಕ್ಕೆ ಸರಿಯಾಗಿ ನಿಂತುದನ್ನು ಕಂಡಾಗ ನನಗಾದ ಆನಂದವನ್ನು ಮರೆಮಾಡಲಾರೆ. ನೀವೂ ಯಾವ ಖರ್ಚಿಗೆ ಇಳಿಯುವುದಕ್ಕೂ ಮುಂಚೆ ಈ ಬಕೆಟ್ಟಿನ ಪರೀಕ್ಷೆಯನ್ನು ಮಾಡಿ ಕಾಲವನ್ನು ಗುರುತಿಟ್ಟುಕೊಳ್ಳಿ. ಆಮೇಲೆ ಮಾಡಿದ ಒಂದೊಂದು ಕೆಲಸದ ಫಲವೂ ಅಂಕಿಯಲ್ಲಿ ಕಾಣಿಸುತ್ತದೆ.

ತೊಟ್ಟಿಯನ್ನು ಎತ್ತುವವರು ಭಾರವನ್ನು ಮರೆಯಬಾರದು. ಸಾವಿರ ಲೀಟರು ನೀರೆಂದರೆ ಒಂದು ಟನ್ನು. ಅದನ್ನು ಹೊರುವ ಕಂಬಗಳು ಕೆಳಗಿನ ಗೋಡೆಯ ಅಥವಾ ಕಾಂಕ್ರೀಟು ಕಂಬದ ನೇರಕ್ಕೇ ಬರಬೇಕು. ತಾರಸಿಯ ನಡುವೆ ನಿಲ್ಲಿಸಿದರೆ ಸೂರು ಬಿರುಕು ಬಿಡುವ ಭಯವುಂಟು. ಕಲ್ಲಿಗೆ ಬರವಿಲ್ಲದ ಸೀಮೆ ನಮ್ಮದು. ಕಲ್ಲುಕಂಬಗಳ ಮೇಲೆ ಚಪ್ಪಡಿ ಹಾಸಿದರೆ ಕಬ್ಬಿಣದ ಸ್ಟ್ಯಾಂಡಿನಂತೆ ತುಕ್ಕು ಹಿಡಿಯುವ ಯೋಚನೆಯಿಲ್ಲ. ಆದರೆ ಕಲ್ಲಿನ ಸ್ವಂತ ಭಾರವನ್ನೂ ಲೆಕ್ಕಕ್ಕೆ ಹಿಡಿದು, ಬಲ್ಲ ಮೇಸ್ತ್ರಿಯನ್ನು ಕೇಳಿಯೇ ಕೆಲಸಕ್ಕೆ ಕೈಹಾಕಬೇಕು.

ಎತ್ತರದಷ್ಟೇ ಮುಖ್ಯವಾದುದು ನೀರು ಇಳಿದು ಬರುವ ಹಾದಿ. ಕೊಳಾಯಿಯ ಒಳಗೋಡೆಯೊಡನೆ ಉಜ್ಜಿಕೊಂಡು ಬರುವ ನೀರು ತನ್ನ ಬಲವನ್ನು ದಾರಿಯುದ್ದಕ್ಕೂ ಕಳೆದುಕೊಳ್ಳುತ್ತದೆ. ಒಂದೊಂದು ಎಲ್ಬೋ, ಒಂದೊಂದು ವಾಲ್ವು ತನ್ನ ಪಾಲಿನ ಸುಂಕವನ್ನು ವಸೂಲು ಮಾಡುತ್ತದೆ. ಒತ್ತಡವು ಹೇರಳವಾಗಿದ್ದರೆ ಈ ನಷ್ಟವು ತಿಳಿಯದು. ನಾಲ್ಕಡಿಯ ಒತ್ತಡದಲ್ಲಿ ನೀರು ಬರುವುದೆಂದರೆ, ಕೈಕಾಸು ಮಾತ್ರವುಳ್ಳ ಬಡವನು ಸಾಲುಸಾಲು ಸುಂಕದಕಟ್ಟೆಗಳನ್ನು ದಾಟಿದಂತೆ. ತೊಟ್ಟಿಯಿಂದ ಇಳಿಯುವ ಕೊಳಾಯಿ ಅರ್ಧ ಇಂಚಿನದಾಗಿದ್ದರೆ ಅದನ್ನು ತೆಗೆದು ಒಂದು ಇಂಚಿನದನ್ನೂ, ಬಚ್ಚಲಿನ ತನಕ ಮುಕ್ಕಾಲು ಇಂಚಿನದನ್ನೂ ಹಾಕಿಸಿ, ಶವರಿನ ಬುಡದಲ್ಲಿ ಮಾತ್ರ ಅರ್ಧ ಇಂಚಿಗೆ ಇಳಿಸುವುದು ಯುಕ್ತ. ಅರ್ಧ ಇಂಚು ಮುಕ್ಕಾಲಾದಾಗ ವ್ಯಾಸವು ಒಂದೂವರೆಯಷ್ಟಾದರೂ ಒಳಗಿನ ಹರವು ಎರಡೂಕಾಲು ಪಟ್ಟಾಗುತ್ತದೆ. ಘರ್ಷಣೆಯೂ ತಗ್ಗುವುದರಿಂದ ಹರಿಯುವ ನೀರು ಅದಕ್ಕಿಂತಲೂ ಹೆಚ್ಚು. ಅಕ್ಕನ ಮನೆಯಲ್ಲಿ ತೊಟ್ಟಿಯ ಬುಡದ ಗೇಟ್‌ವಾಲ್ವು ಅರ್ಧ ತೆರೆದ ಸ್ಥಿತಿಯಲ್ಲೇ ತುಕ್ಕು ಹಿಡಿದು ನಿಂತಿತ್ತು. ಅದೊಂದನ್ನು ಬದಲಿಸಿದ್ದಕ್ಕೇ ಬಕೆಟ್ಟಿನ ಕಾಲದಲ್ಲಿ ಕಾಲು ನಿಮಿಷ ಉಳಿಯಿತು.

ಹಾದಿಯನ್ನು ಕಟ್ಟುವ ಇನ್ನೊಂದು ಶತ್ರುವಿದೆ, ಅದು ನಮ್ಮ ನೆಲದ ನೀರಿನ ಗಡಸುತನ. ಭೂವಿಜ್ಞಾನಿಗಳು ಜಗತ್ತಿನೆಲ್ಲೆಡೆ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದ ಶಿಲಾಪಟ್ಟಿಯು ತನ್ನ ಹೆಸರನ್ನು ಪಡೆದುದು ನಮ್ಮ ರಾಮನಗರದ ಹಳೆಯ ಹೆಸರಿನಿಂದ. ಈ ಕಲ್ಲಿಗೆ ನೀರನ್ನು ಹೀರಿಕೊಳ್ಳುವ ಗುಣವಿಲ್ಲ; ಬಿರುಕುಗಳಲ್ಲಿ, ಶಿಥಿಲವಾದ ಪದರಗಳಲ್ಲಿ ನಿಂತ ನೀರನ್ನೇ ನಮ್ಮ ಕೊಳವೆಬಾವಿಗಳು ಮೇಲೆತ್ತುತ್ತವೆ. ಬಹುಕಾಲ ಕಲ್ಲುಮಣ್ಣಿನ ಸಂಗದಲ್ಲಿದ್ದ ಆ ನೀರು ಸುಣ್ಣದ ಅಂಶವನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಗಡಸುತನವು ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ಗತಿಯಿಲ್ಲದಿದ್ದಲ್ಲಿ 600ರವರೆಗೆ ಸಹಿಸಬಹುದೆಂದೂ ಕುಡಿಯುವ ನೀರಿನ ಭಾರತೀಯ ಮಾನಕವು ಹೇಳುತ್ತದೆ. ರೇಷ್ಮೆಗೂಡನ್ನು ಬೇಯಿಸಿ ನೂಲು ಬಿಚ್ಚುವ ನಮ್ಮೂರಿನ ರೀಲರುಗಳಿಗೆ ಇದರ ಉಪದೇಶ ಬೇಕಿಲ್ಲ. ಗಡಸುನೀರಿನಲ್ಲಿ ಗೂಡು ಹದವಾಗಿ ಬೇಯದೆಂಬುದೂ, ನೂಲಿನ ಹೊಳಪು ಕುಂದುವುದೆಂಬುದೂ ಅವರ ಬೆರಳುಗಳೇ ಬಲ್ಲ ಸಂಗತಿ. ಅದೇ ನೀರು ಶವರಿನ ರಂಧ್ರಗಳಲ್ಲಿ ಒಣಗಿದಾಗ ಬಿಳಿಯ ಹರಳನ್ನು ಬಿಟ್ಟುಹೋಗುತ್ತದೆ. ಕಾಲಕ್ರಮದಲ್ಲಿ ಅನೇಕ ರಂಧ್ರಗಳು ಮುಚ್ಚಿಹೋಗುತ್ತವೆ ಅಥವಾ ಅಡ್ಡದಿಡ್ಡಿಯಾಗಿ ಚಿಮ್ಮತೊಡಗುತ್ತವೆ.

ಇದಕ್ಕೆ ಔಷಧವು ಅಡುಗೆಮನೆಯಲ್ಲೇ ಇದೆ. ಹುಣಸೆಹಣ್ಣಿನಿಂದ ಹಂಡೆ ಬೆಳಗುವ ನಮ್ಮ ತಾಯಂದಿರು ಹುಳಿಯ ಈ ಶಕ್ತಿಯನ್ನು ಎಂದೋ ಅರಿತಿದ್ದರು. ಶವರಿನ ತಟ್ಟೆಯನ್ನು ಬಿಚ್ಚಿ, ನಿಂಬೆರಸ ಬೆರೆಸಿದ ನೀರಿನಲ್ಲಾಗಲಿ ವಿನಿಗರಿನಲ್ಲಾಗಲಿ ರಾತ್ರಿಯಿಡೀ ನೆನೆಯಿಟ್ಟು, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸುಣ್ಣವು ಕರಗಿ ಬಿಡುತ್ತದೆ. ದಬ್ಬಳದಿಂದ ಚುಚ್ಚಬೇಡಿ; ರಂಧ್ರವು ಹಿಗ್ಗಿ ಧಾರೆಯು ಚದರುತ್ತದೆ. ತಟ್ಟೆಯ ಬುಡದಲ್ಲಿ ಸಣ್ಣದೊಂದು ಜಾಲರಿಯಿರುವುದುಂಟು. ಕಸ, ಮರಳು, ತುಕ್ಕಿನ ಚೂರು ಅಲ್ಲಿ ಸಿಕ್ಕಿಕೊಳ್ಳುವುದರಿಂದ ಅದನ್ನೂ ತೊಳೆಯಬೇಕು. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ದೋಷವು ಶವರಿನದಲ್ಲ, ಗೀಸರಿನದು. ಕಾದಾಗಲೇ ಸುಣ್ಣವು ಹೆಚ್ಚಾಗಿ ಕೂರುವುದರಿಂದ ಅದರ ಒಳಗೂ ಮೂತಿಗಳಲ್ಲೂ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಅದನ್ನು ಬಲ್ಲವರಿಂದ ಬಿಚ್ಚಿಸಿ ತೊಳೆಸಬೇಕು; ವಿದ್ಯುತ್ತಿನ ಉಪಕರಣವಾದುದರಿಂದ ಸ್ವತಃ ಕೈಹಾಕುವುದು ಸಲ್ಲದು.

ಅಗಲವಾದ ತಟ್ಟೆಯ ಮಾತೊಂದು ಉಳಿದಿದೆ. ಬರುವ ನೀರು ಅಲ್ಪವಾಗಿರುವಾಗ ಅದನ್ನು ನೂರಾರು ರಂಧ್ರಗಳಿಗೆ ಹಂಚಿದರೆ ಯಾವುದಕ್ಕೂ ಬಲವಿರದು. ಅದೇ ನೀರನ್ನು ಮೂವತ್ತು ನಲವತ್ತು ರಂಧ್ರಗಳ ಚಿಕ್ಕ ಶವರಿಗೆ ಕೊಟ್ಟರೆ ಧಾರೆಯು ಮೈಗೆ ತಾಕುವಂತೆ ಬೀಳುತ್ತದೆ. ಅಕ್ಕನ ಮಗನಿಗೆ ಆ ತಟ್ಟೆಯನ್ನು ತೆಗೆಸುವುದು ಮನಸ್ಸಿಗೆ ಬರಲಿಲ್ಲ. ತಾಯಿಗೆಂದು ಪ್ರೀತಿಯಿಂದ ಆರಿಸಿ ತಂದದ್ದು. ಕೊನೆಗೆ ಅಕ್ಕನೇ, “ನಂಗೆ ಚಿಕ್ಕದೇ ಸಾಕು ಕಣೋ, ಬೆನ್ನಿಗೆ ನೀರು ಬಿದ್ದದ್ದು ಗೊತ್ತಾಗ್ಬೇಕು” ಎಂದಳು. ಚಿಕ್ಕದನ್ನೇ ಹಾಕಿಸಿದೆವು. ಈ ಎಲ್ಲ ಕೆಲಸಗಳ ಫಲವಾಗಿ ಈಗ ಆ ಬಕೆಟ್ಟು ಒಂದೂಕಾಲು ನಿಮಿಷಕ್ಕೆ ತುಂಬುತ್ತದೆ.

ಇಷ್ಟೆಲ್ಲ ಮಾಡಿದರೂ ಸಾಲದಿದ್ದಾಗ, ಮುಖ್ಯವಾಗಿ ಮೇಲ್ಮನೆಯವರಿಗೆ, ತೊಟ್ಟಿಯಿಂದಾಚೆಗೆ ಒತ್ತಡದ ಚಿಕ್ಕ ಪಂಪನ್ನು ಕೂರಿಸುವ ಉಪಾಯವಿದ್ದೇ ಇದೆ. ಕರೆಂಟು ಹೋದಾಗ ಅದು ಸುಮ್ಮನಾಗುತ್ತದೆ. ಆಗಲೂ ನೀರು ಬರಬೇಕಾದರೆ ಪಂಪನ್ನು ಬಳಸಿಹೋಗುವ ಇನ್ನೊಂದು ಕೊಳಾಯಿಯನ್ನು ಇಡಿಸಿರಬೇಕು. ಆ ಪಂಪು ತನ್ನ ಮನೆಯ ತೊಟ್ಟಿಯ ನೀರನ್ನು ತನ್ನ ಬಚ್ಚಲಿಗೆ ತಳ್ಳುವಂಥದು. ಅದರಿಂದ ಯಾರಿಗೂ ಬಾಧೆಯಿಲ್ಲ.

ಬಾಧೆಯಿರುವುದು ಮತ್ತೊಂದು ಬಗೆಯ ಮೋಟರಿನಿಂದ. ದಿನ ಬಿಟ್ಟು ದಿನವೋ ಅದಕ್ಕಿಂತ ತಡವಾಗಿಯೋ ನೀರು ಬಿಡುವ ನಮ್ಮ ಊರುಗಳಲ್ಲಿ, ಬೀದಿಯ ಕೊಳಾಯಿಗೇ ನೇರವಾಗಿ ಮೋಟರು ಹಚ್ಚಿ ನೀರನ್ನು ಹೀರುವ ಅಭ್ಯಾಸವು ಬೇರೂರಿದೆ. ಒಂದು ಅಂತಸ್ತಿನ ಮನೆಗೆ ಬೀದಿಯ ಕೊಳಾಯಿಯಲ್ಲಿ 7 ಮೀಟರು, ಎರಡು ಅಂತಸ್ತಿಗೆ 12, ಮೂರಕ್ಕೆ 17 ಮೀಟರು ಎತ್ತರದ ಒತ್ತಡವಿರಬೇಕೆಂದು ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯು ವಿಧಿಸಿತ್ತು. ಅಷ್ಟಿದ್ದರೆ ಅಕ್ಕನ ತಾರಸಿಯ ತೊಟ್ಟಿಗೆ ನೀರು ತಾನಾಗಿಯೇ ಏರೀತು. ಬೀದಿಯ ತಲೆಯಲ್ಲಿ ನಾಲ್ಕು ಮೋಟರುಗಳು ಒಟ್ಟಿಗೆ ಹೀರತೊಡಗಿದರೆ ಒತ್ತಡವೆಲ್ಲಿ ಉಳಿದೀತು? ಬೀದಿಯ ಕೊನೆಯ ಮನೆಯ ನಲ್ಲಿಯು ಬರಿಯ ಗಾಳಿಯನ್ನು ಉಸಿರಾಡುತ್ತದೆ. ಅಷ್ಟೇ ಅಲ್ಲ, ಕೊಳಾಯಿಯೊಳಗಿನ ಒತ್ತಡವು ಹೊರಗಿನದಕ್ಕಿಂತ ಕೆಳಗಿಳಿದಾಗ, ಅದರ ಬಿರುಕುಗಳ ಮೂಲಕ ನೆಲದೊಳಗಿನ ಕೊಳಕು, ಕೆಲವೆಡೆ ಚರಂಡಿಯ ನೀರೇ, ಒಳಗೆ ಸೇರುತ್ತದೆ. ಹೀರಿದವನ ಸಂಪಿಗೂ ಅದೇ ನೀರು. ಕೆರೆಯ ಕಾಲುವೆಯಲ್ಲಿ ಮೇಲುಗಡೆಯ ಗದ್ದೆಯವನು ತನ್ನ ಸರದಿಗೆ ಮುಂಚೆ ಮಡೆ ಒಡೆದರೆ ನೀರಗಂಟಿಯು ಬಂದು ಕಟ್ಟುತ್ತಿದ್ದನು, ಊರು ಆ ಅಧಿಕಾರವನ್ನು ಅವನಿಗೆ ಕೊಟ್ಟಿತ್ತು. ಇಂದು ವಾಲ್ವು ತಿರುಗಿಸಲು ಬರುವ ನೀರಗಂಟಿಗೆ ಯಾರ ಮನೆಯೊಳಗಿನ ಮೋಟರೂ ಕಾಣದು. ಆದುದರಿಂದ ಇದು ನಾವೇ ಕಟ್ಟಿಕೊಳ್ಳಬೇಕಾದ ಮಡೆ. ಬೀದಿಯ ನೀರು ತಾನಾಗಿ ಸಂಪಿಗೆ ಇಳಿಯಲಿ. ಸಂಪಿನಿಂದ ತೊಟ್ಟಿಗೆ ಎತ್ತಲು ಮೋಟರು ದುಡಿಯಲಿ.

ನೀರನ್ನು ಎತ್ತುವುದೆಂದರೆ ಏನೆಂಬುದನ್ನು ಕನಕಪುರದ ರಸ್ತೆಯಲ್ಲಿ ಓಡಾಡುವವರಿಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿಗೆ 1933ರಿಂದ ನೀರು ಕೊಟ್ಟ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವು ನಮ್ಮ ಅರ್ಕಾವತಿಗೇ ಕಟ್ಟಿದ ಅಣೆ. ಅದು ಸಾಲದೆಹೋದಾಗ, 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ಪಂಪುಗಳ ಬಲದಿಂದ ಮೇಲೇರಿ ರಾಜಧಾನಿಯನ್ನು ಸೇರಿತು. ಒಟ್ಟು ಏರು ಸುಮಾರು ಅರ್ಧ ಕಿಲೋಮೀಟರು! ಅಕ್ಕನ ಮನೆಯ ನಾಲ್ಕಡಿಯ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿದಾಗ, ನೆಲದಡಿಯ ಆ ಹೆಗ್ಗೊಳಾಯಿಗಳ ಉಕ್ಕು ಏಕೆ ಅಷ್ಟು ದಪ್ಪವೆಂಬುದು ತಿಳಿಯುತ್ತದೆ. ಆ ನೀರಿನ ಒಂದೊಂದು ಲೀಟರಿನಲ್ಲಿಯೂ ತೊರೆಕಾಡನಹಳ್ಳಿಯಿಂದ ನಮ್ಮ ಊರುಗಳ ಪಕ್ಕದಲ್ಲಿಯೇ ಹಾದುಹೋದ ಏರಿನ ವಿದ್ಯುತ್ತು ಅಡಗಿದೆ.

ಇನ್ನೇನು ದೀಪಾವಳಿ ಬರುತ್ತಿದೆ. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೂವು ಮುಡಿಸಿ, ಹೊಸ ನೀರು ತುಂಬಿಸುವ ಆ ಸಂಜೆ, ಇನ್ನೆರಡು ಕೆಲಸಗಳನ್ನೂ ಸೇರಿಸಿಕೊಳ್ಳಿರೆಂದು ಕೋರುತ್ತೇನೆ. ಹಗಲಿನಲ್ಲಿಯೇ ಮೇಲಿನ ತೊಟ್ಟಿಯ ತಳದ ಕೆಸರನ್ನು ತೊಳೆಸಿಬಿಡಿ. ಶವರಿನ ತಟ್ಟೆಯನ್ನು ಬಿಚ್ಚಿ, ಹಂಡೆ ಬೆಳಗಿ ಮಿಕ್ಕ ಹುಣಸೆಯ ಹುಳಿಯಲ್ಲಿ ಆ ರಾತ್ರಿ ನೆನೆಯಲಿಡಿ. ಮರುದಿನ ನಸುಕಿನಲ್ಲಿ ಎಣ್ಣೆನೀರಿಗೆ ಹೇಗೂ ಹಂಡೆಯೂ ಚೊಂಬೂ ಇವೆ. ಅಕ್ಕನ ಮನೆಯಲ್ಲಿ ಈ ಸಲವೂ ಹಂಡೆಗೆ ಪಟ್ಟೆ ಬಳಿಯುವುದು ಆಕೆಯೇ. ಕೆಳಗೆ ಕೂರಲಾರಳಾದ್ದರಿಂದ ಮೊಮ್ಮಗಳು ಹಂಡೆಯನ್ನು ಮಣೆಯ ಮೇಲೆ ಎತ್ತಿಕೊಡಬೇಕು.